ಗಾದೆ ಬಾಯಿಪಾಠ ಆಯ್ತು, ಕಲ್ಲು ಎಲ್ಲಿಡಲಿ?

ಕಳೆದ ಸಂಚಿಕೆಯಲ್ಲಿ ಗೋ ಆಟದ ನಿಯಮಗಳನ್ನು ಬರೆದಿದ್ದೆ. ಓದದವರಿಗಾಗಿ ಚುಟುಕಾಗಿ ಹೇಳುತ್ತೇನೆ. ಇದು ಚೀನಾದಲ್ಲಿ ಹುಟ್ಟಿದ ಆಟ. ಹಲಗೆಯ ಮೇಲೆ ಅಡ್ಡ 19, ಉದ್ದ 19 ಗೆರೆ. ಗೆರೆಗಳು ಸೇರುವ 361 ಬಿಂದುಗಳಲ್ಲಿ ಒಬ್ಬರು ಕಪ್ಪು, ಇನ್ನೊಬ್ಬರು ಬಿಳಿ ಕಲ್ಲುಗಳನ್ನು ಸರದಿಯಂತೆ ಇಡಬೇಕು. ಇಟ್ಟ ಕಲ್ಲನ್ನು ಸರಿಸುವಂತಿಲ್ಲ. ಕಲ್ಲಿಗೆ ತಾಗಿಕೊಂಡಿರುವ ಖಾಲಿ ಬಿಂದುಗಳೇ ಅದರ ಉಸಿರು. ಎಲ್ಲ ಉಸಿರನ್ನೂ ಎದುರಾಳಿ ಮುಚ್ಚಿದರೆ ಕಲ್ಲು ಹಲಗೆಯಿಂದ ಹೊರಗೆ. ಒಂದೇ ಉಸಿರು ಉಳಿದ ಸ್ಥಿತಿಗೆ ಅಟಾರಿ ಎನ್ನುತ್ತಾರೆ. ಒಂದು ಗುಂಪಿನ ಒಳಗೆ ಬೇರೆ ಬೇರೆಯಾಗಿ ಎರಡು ಖಾಲಿ ಜಾಗ ಇದ್ದರೆ, ಅಂದರೆ ಎರಡು ಕಣ್ಣು ಇದ್ದರೆ, ಆ ಗುಂಪನ್ನು ಯಾರೂ ಕೊಲ್ಲಲಾರರು. ಕೊನೆಗೆ ಹೆಚ್ಚು ಜಾಗ ಸುತ್ತುವರಿದವರು ಗೆದ್ದ ಹಾಗೆ.

ಬಂದ ಪತ್ರಗಳಲ್ಲಿ ಜಾಸ್ತಿ ಇದ್ದದ್ದು ಈ ಆಟದ ಗಾದೆಗಳ ಬಗ್ಗೆ. ನಿಯಮ ಒಂದು ಪುಟದಲ್ಲಿ ಮುಗಿಯುತ್ತದೆ, ಗಾದೆಗಳು ನೂರಾರು. ಅವುಗಳನ್ನು ಕಲಿಯುವ ಬಗೆ ಹೇಗೆ ಎಂಬುದಕ್ಕೇ ಈ ಸಲದ ಪುಟಗಳು.

ಪೆರ್ಲದಿಂದ ಒಬ್ಬ ತಾಯಿ: ಟೀಚರಿಗೆ ನಮಸ್ಕಾರ. ಮಗಳು ಐದನೇ ಕ್ಲಾಸು. ಮೊಬೈಲಿನಲ್ಲಿ ನೋಡಿ ಗೋ ಗಾದೆಗಳನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಾಳೆ. ಕೇಳಿದರೆ ಪಟಪಟ ಹೇಳುತ್ತಾಳೆ. ಆದರೆ ಅಣ್ಣನ ಜೊತೆ ಆಡಲು ಕೂತರೆ ಸೋಲು. ಅತ್ತುಬಿಡುತ್ತಾಳೆ. ಬಾಯಿಪಾಠ ಮಾಡಿದ್ದೇ ತಪ್ಪಾಯಿತಾ?

ತಪ್ಪೇನಿಲ್ಲ ಅಮ್ಮಾ. ಆ ನೋಟ್‌ಬುಕ್ಕನ್ನು ಜೋಪಾನವಾಗಿಡಿ. ಆದರೆ ಪ್ರತಿ ಗಾದೆಯ ಹಿಂದೆ ಒಂದು ಲೆಕ್ಕ ಉಂಟು. ಆ ಲೆಕ್ಕವನ್ನು ಅವಳ ಕೈಯಿಂದಲೇ ಮಾಡಿಸಬೇಕು.

ಎಲ್ಲರೂ ಮೊದಲು ಕಲಿಯುವ ಗಾದೆ 'ಮೊದಲು ಮೂಲೆ, ಆಮೇಲೆ ಬದಿ, ಕೊನೆಗೆ ನಡು'. ಯಾಕೆ ಎಂದು ಮಗಳನ್ನು ಕೇಳಿ. ಉತ್ತರ ಬರದಿದ್ದರೆ ಬೈಯಬೇಡಿ, ಕಲ್ಲು ಕೊಡಿ. ಹಲಗೆಯ ಮೂಲೆಯಲ್ಲಿ ಮೂರು ಬಿಂದು ಅಗಲ, ಮೂರು ಬಿಂದು ಉದ್ದ, ಒಟ್ಟು ಒಂಬತ್ತು ಬಿಂದುಗಳನ್ನು ಸುತ್ತುವರಿಯಲು ಹೇಳಿ. ಆರು ಕಲ್ಲು ಸಾಕಾಗುತ್ತದೆ. ಅಷ್ಟೇ ಜಾಗವನ್ನು ಬದಿಯಲ್ಲಿ ಸುತ್ತುವರಿಯಲಿ, ಒಂಬತ್ತು ಕಲ್ಲು ಬೇಕು. ನಡುವಿನಲ್ಲಿ ಹನ್ನೆರಡು. ಮೂಲೆಯಲ್ಲಿ ಮಾಡಿದ ಕೆಲಸಕ್ಕೆ ನಡುವಿನಲ್ಲಿ ಎರಡು ಪಾಲು ಕಲ್ಲು ಹೋಯಿತು. ಎರಡು ಕಡೆ ಕೆಂಪುಕಲ್ಲಿನ ಕಂಪೌಂಡ್ ಇರುವ ತೋಟದ ಮೂಲೆಗೆ ಬೇಲಿ ಹಾಕಲು ಇನ್ನೆರಡು ಬದಿಗೆ ಸರಿಗೆ ಎಳೆದರೆ ಮುಗಿಯಿತು, ಬಯಲಿನ ನಡುವೆ ಹಾಕುವುದಾದರೆ ನಾಲ್ಕೂ ಬದಿಗೆ ಬೇಕು, ಅಲ್ವಾ? ಹಲಗೆಯ ಅಂಚು ಪುಕ್ಕಟೆಯಾಗಿ ಸಿಗುವ ಗೋಡೆ. ಇದನ್ನು ಒಂದು ಸಲ ಕೈಯಾರೆ ಎಣಿಸಿದ ಮಗು ಆ ಗಾದೆಯನ್ನು ಮತ್ತೆ ನೋಟ್‌ಬುಕ್ ತೆರೆದು ಓದಬೇಕಾಗಿಲ್ಲ.

ಇನ್ನೊಂದು ಮುಖ್ಯ ಸಂಗತಿ. ಮನೆಯಲ್ಲಿ ಆಡುವುದು ಯಾವ ಹಲಗೆಯಲ್ಲಿ? ಐದನೇ ಕ್ಲಾಸಿನ ಮಗು ಎಂದರೆ ಒಂಬತ್ತು ಗೆರೆಯ ಸಣ್ಣ ಹಲಗೆ ಇರಬಹುದು. ಅದರಲ್ಲಿ ಈ ಗಾದೆ ಹಾಗೆಯೇ ನಡೆಯುವುದಿಲ್ಲ. ಸಣ್ಣ ಹಲಗೆಯಲ್ಲಿ ನಡುಬಿಂದುವಿನ ಕಲ್ಲು ನಾಲ್ಕೂ ಮೂಲೆಗೆ ಹತ್ತಿರ. ಅಲ್ಲಿ ಮೊದಲ ಕಲ್ಲನ್ನು ನಡುವಿನಲ್ಲಿಡುವುದು ಒಳ್ಳೆಯ ಆಟ. ಅಣ್ಣ ನಡು ಹಿಡಿದು ತಂಗಿ ಮೂಲೆಗೆ ಓಡಿದರೆ, ಗಾದೆ ಪಾಲಿಸಿದ್ದಕ್ಕೇ ಅವಳು ಸೋತಿರಬಹುದು. ಗಾದೆಗಳಲ್ಲಿ ಹೆಚ್ಚಿನವು 19 ಗೆರೆಯ ಹಲಗೆಯಲ್ಲಿ ಆಡಿದವರ ಮಾತು.

ಮಧೂರಿನ ನಮ್ಮ ಮನೆಯ ಜಗಲಿಗೆ ಭಾನುವಾರ ಮಧ್ಯಾಹ್ನ ಕೆಲವು ಮಕ್ಕಳು ಬರುತ್ತಾರೆ. ಕನ್ನಡ ಮೀಡಿಯಂ, ಮಲಯಾಳಂ ಮೀಡಿಯಂ, ಇಂಗ್ಲಿಷ್ ಮೀಡಿಯಂ ಎಲ್ಲ ಸೇರಿ. ನಾನು ಅವರಿಗೆ ಹೇಳುವುದು ಇಷ್ಟೇ. ಗಾದೆ ಬರೆದರೆ ಅದರ ಕೆಳಗೆ ಎರಡು ಸಾಲು ಖಾಲಿ ಬಿಡಿ. ಒಂದರಲ್ಲಿ 'ಯಾಕೆ', ಇನ್ನೊಂದರಲ್ಲಿ 'ಯಾವಾಗ ಅಲ್ಲ'. ಎರಡೂ ಸಾಲು ತುಂಬುವವರೆಗೆ ಹೊಸ ಗಾದೆ ಬೇಡ. ಬಾಯಲ್ಲಿ ಗಾದೆ ಹೇಳಿದವರು ಹಲಗೆಯ ಮೇಲೆ ಕಲ್ಲಿಟ್ಟು ತೋರಿಸಬೇಕು. ಗಲಾಟೆ ಆಗುತ್ತದೆ, ವಾದ ನಡೆಯುತ್ತದೆ. ಆಗಲಿ, ಆ ವಾದದಲ್ಲಿಯೇ ಕಲಿಯುವುದು.

ಮಗಳಿಗೆ ಈಗ ಬೇಕಾದದ್ದು ಮೂರು ನಾಲ್ಕು ಗಾದೆ. ನನ್ನನ್ನು ಕೇಳಿದರೆ ಮೂಲೆಯದ್ದು ಒಂದು. ಸುಮ್ನೆ ಅಟಾರಿ ಹಾಕಬೇಡ ಎಂಬುದು ಇನ್ನೊಂದು. ಮಕ್ಕಳಿಗೆ ಅಟಾರಿ ಹಾಕುವುದೆಂದರೆ ಖುಷಿ. ಆದರೆ ಎದುರಾಳಿ ಪಕ್ಕದಲ್ಲಿ ಒಂದು ಕಲ್ಲು ಸೇರಿಸಿ ತಪ್ಪಿಸಿಕೊಳ್ಳುತ್ತಾನೆ. ಅವನ ಉಸಿರು ಹೆಚ್ಚಾಯಿತು, ನಮ್ಮ ಕಲ್ಲುಗಳ ನಡುವೆ ಬಿರುಕು ಉಳಿಯಿತು. ಹಿಡಿಯಲು ಆಗುತ್ತದೆ ಎಂದು ಕಂಡರೆ ಮಾತ್ರ ಅಟಾರಿ.

ಮೂರನೆಯದು, 'ಎದುರಾಳಿಗೆ ಬೇಕಾದ ಬಿಂದುವೇ ನಿನಗೂ ಬೇಕಾದ ಬಿಂದು'. ಇದಕ್ಕೆ ಒಂದು ಚಂದದ ಉದಾಹರಣೆ ಉಂಟು. ಒಂದು ಗುಂಪಿನ ಒಳಗೆ ಸಾಲಾಗಿ ಮೂರು ಬಿಂದು ಖಾಲಿ ಇದೆ ಎಂದುಕೊಳ್ಳಿ. ಗುಂಪಿನ ಯಜಮಾನ ನಡುವಿನ ಬಿಂದುವಿನಲ್ಲಿ ಇಟ್ಟರೆ ಎರಡು ಕಣ್ಣಾಗಿ ಗುಂಪು ಬದುಕಿತು. ಅದೇ ಬಿಂದುವಿನಲ್ಲಿ ಎದುರಾಳಿ ಇಟ್ಟರೆ ಎರಡು ಕಣ್ಣು ಮಾಡಲು ದಾರಿಯಿಲ್ಲ, ಗುಂಪು ಸತ್ತಿತು. ಉಳಿಸುವ ಬಿಂದುವೂ ಅದೇ, ಕೊಲ್ಲುವ ಬಿಂದುವೂ ಅದೇ. ಮಗಳಿಗೆ ಇದನ್ನು ಅಣ್ಣನೇ ತೋರಿಸಿಕೊಡಲಿ.

ಅಣ್ಣ ಜೋರಾಗಿದ್ದರೆ ಆಟ ಶುರುವಾಗುವ ಮೊದಲೇ ಅವಳಿಗೆ ಎರಡೋ ಮೂರೋ ಕಲ್ಲು ಇಟ್ಟುಕೊಳ್ಳಲು ಬಿಡಿ. ಗೋ ಆಟದಲ್ಲಿ ಮೊದಲಿನಿಂದಲೂ ಇರುವ ಕ್ರಮ ಇದು. ದೊಡ್ಡ ಹಲಗೆಯಲ್ಲಿ 9 ಕಲ್ಲಿನವರೆಗೆ ಕೊಡುತ್ತಾರೆ. ಅವಳು ಗೆಲ್ಲುತ್ತಾ ಬಂದಂತೆ ಒಂದೊಂದೇ ಕಡಿಮೆ ಮಾಡಿ. ಅಳು ತಾನಾಗಿ ನಿಲ್ಲುತ್ತದೆ.

ಮುಳ್ಳೇರಿಯದಿಂದ ಎಂಟನೇ ಕ್ಲಾಸಿನ ಹುಡುಗ: ಟೀಚರ್, ಖಾಲಿ ತ್ರಿಕೋನ ಮಾಡಬಾರದು ಅಂತ ಎಲ್ಲರೂ ಹೇಳ್ತಾರೆ. ಯಾಕೆ ಅಂತ ಯಾರೂ ಹೇಳುವುದಿಲ್ಲ.

ಒಳ್ಳೆಯ ಪ್ರಶ್ನೆ ಮಗಾ. ಎಣಿಸೋಣ. ಹಲಗೆಯ ನಡುವೆ ಒಂದು ಕಲ್ಲಿಟ್ಟರೆ 4 ಉಸಿರು. ಪಕ್ಕದಲ್ಲಿ ಇನ್ನೊಂದಿಟ್ಟರೆ ಎರಡಕ್ಕೂ ಸೇರಿ 6. ಅದೇ ಸಾಲಿನಲ್ಲಿ ಮೂರನೆಯದು ಇಟ್ಟರೆ 8. ಈಗ ಮೂರನೆಯದನ್ನು ಸಾಲಿನಿಂದ ತೆಗೆದು ಲಂಬಕೋನವಾಗುವಂತೆ ಇಡು. ಇದೇ ಖಾಲಿ ತ್ರಿಕೋನ. ಎಣಿಸು. 7 ಬರುತ್ತದೆ. ಒಳಮೂಲೆಯ ಖಾಲಿ ಬಿಂದು ಎರಡು ಕಲ್ಲಿಗೂ ತಾಗಿಕೊಂಡಿದೆ, ಅದನ್ನು ಎರಡು ಸಲ ಎಣಿಸುವಂತಿಲ್ಲ. ಹೀಗೆ ಒಂದು ಉಸಿರು ನಷ್ಟ. ಜೊತೆಗೆ ಮೂರು ಕಲ್ಲು ಖರ್ಚು ಮಾಡಿಯೂ ದೂರ ತಲುಪಲಿಲ್ಲ.

ಆ ಒಳಮೂಲೆಯಲ್ಲಿ ಎದುರಾಳಿಯ ಕಲ್ಲು ಕೂತಿದ್ದರೆ ಅದು ಖಾಲಿ ತ್ರಿಕೋನವೇ ಅಲ್ಲ, ಹೆದರಬೇಡ. ಇನ್ನು ಆ ಒಂದು ಕಲ್ಲಿನಿಂದಲೇ ನಿನ್ನ ಗುಂಪು ಉಳಿಯುವುದಾದರೆ ಧೈರ್ಯವಾಗಿ ಇಡು.

ಉಪ್ಪಳದಿಂದ ನಿವೃತ್ತ ಬ್ಯಾಂಕ್ ನೌಕರರು: ಟೀಚರೇ, ನಾನು ಮುಂಬಯಿಯಲ್ಲಿ ಕೆಲಸದಲ್ಲಿದ್ದಾಗ ಈ ಆಟ ಕಲಿತವನು. ಕಲ್ಲುಗಳನ್ನು ಸಾಲಾಗಿ ಇಟ್ಟು ಹೊರಗಡೆ ದೊಡ್ಡ ಗೋಡೆ ಕಟ್ಟುವುದು ನನಗಿಷ್ಟ. ಎದುರಾಳಿ ಅಷ್ಟರಲ್ಲಿ ಮೂಲೆಗಳನ್ನೆಲ್ಲ ಹಿಡಿಯುತ್ತಾನೆ. ಕೊನೆಗೆ ಎಣಿಸಿದರೆ ನನ್ನ ಹತ್ತಿರ ಗೋಡೆ ಉಂಟು, ಜಾಗ ಇಲ್ಲ. 'ಗೋಡೆಯಿಂದ ಜಾಗ ಮಾಡಬೇಡ' ಎಂಬ ಗಾದೆ ಬೇರೆ. ಹಾಗಾದರೆ ಗೋಡೆ ಕಟ್ಟುವುದು ಯಾತಕ್ಕೆ ಮಾರಾಯ್ರೆ?

ಸಾರ್, ನಿಮ್ಮ ಪತ್ರ ಓದಿ ತುಂಬ ಸಂತೋಷವಾಯಿತು. ಗೋಡೆ ಕಟ್ಟುವ ಆಟಗಾರರೆಲ್ಲ ಎದುರಿಸುವ ತೊಡಕು ಇದು.

ಗೋಡೆಯ ಮುಂದೆಯೇ ಸಾಲಾಗಿ ಕಲ್ಲಿಟ್ಟು ಜಾಗ ಮುಚ್ಚಲು ಹೊರಟರೆ ಸಿಗುವುದು ಸ್ವಲ್ಪ. ಗೋಡೆಯನ್ನು ಗಟ್ಟಿ ಮಾಡಲು ಆಗಲೇ ಎಷ್ಟೋ ಕಲ್ಲು ಹೋಗಿದೆ, ಇನ್ನಷ್ಟು ಕಲ್ಲು ಅಲ್ಲಿಯೇ ಸುರಿದ ಹಾಗಾಗುತ್ತದೆ. ಗೋಡೆಯ ನಿಜವಾದ ಕೆಲಸ ಹೊಡೆದಾಟದಲ್ಲಿ. ಎದುರಾಳಿಯ ಬಡಪಾಯಿ ಗುಂಪೊಂದು ಎಲ್ಲೋ ಎರಡು ಕಣ್ಣಿಲ್ಲದೆ ನಿಂತಿರುತ್ತದೆ. ಅದನ್ನು ಗೋಡೆಯ ಕಡೆಯಿಂದ ಓಡಿಸಬೇಡಿ. ಆಚೆ ಕಡೆಯಿಂದ ಹೋಗಿ, ಗೋಡೆಯತ್ತ ಅಟ್ಟಿಕೊಂಡು ಬನ್ನಿ. ಗೋಡೆಯ ಹತ್ತಿರ ಬಂದ ಗುಂಪಿಗೆ ಕಣ್ಣು ಮಾಡಲು ಜಾಗ ಸಿಗುವುದಿಲ್ಲ. ಅದು ಉಳಿಯಲು ಒದ್ದಾಡುತ್ತಿರುವಾಗ ನೀವು ಅಟ್ಟುತ್ತಾ ಇಟ್ಟ ಕಲ್ಲುಗಳೇ ಆಚೆ ಬದಿಯಲ್ಲಿ ಜಾಗ ಮಾಡಿಕೊಡುತ್ತವೆ. ಗುಂಪು ಕೊನೆಗೆ ಬದುಕಿಕೊಂಡರೂ ಪರವಾಗಿಲ್ಲ, ನಿಮ್ಮ ಲಾಭ ಆಗಲೇ ಬಂದಿದೆ. ಕೊಂದೇ ತೀರುತ್ತೇನೆ ಎಂದು ಹಟ ಹಿಡಿಯುವವರು ಇಲ್ಲಿಯೇ ಕೆಡುತ್ತಾರೆ.

ಅಟ್ಟುವಾಗ ಮುಟ್ಟಬೇಡಿ. ಎದುರಾಳಿಯ ಕಲ್ಲಿಗೆ ನಿಮ್ಮ ಕಲ್ಲು ತಾಗಿಸಿದರೆ ಅವನು ಉತ್ತರ ಕೊಟ್ಟು ಕೊಟ್ಟು ಗಟ್ಟಿಯಾಗುತ್ತಾನೆ. ಚೆಸ್ಸಿನ ಕುದುರೆ ನಡೆಯುವಷ್ಟು ದೂರದಲ್ಲಿ ಇಟ್ಟು ದಾರಿ ಮುಚ್ಚಿ. 'ಅಟ್ಟುವುದು ಕುದುರೆ ನಡೆಯಲ್ಲಿ, ಓಡುವುದು ಒಂದು ಬಿಂದು ಹಾರಿ' ಎಂಬ ಗಾದೆ ಇದಕ್ಕೇ ಹುಟ್ಟಿದ್ದು.

ಬದಿಯಲ್ಲಿ ಹರಡಿಕೊಳ್ಳುವುದಕ್ಕೂ ಒಂದು ಅಳತೆ ಉಂಟು. ಮೂರನೇ ಗೆರೆಯಲ್ಲಿ ಒಂಟಿ ಕಲ್ಲಿದ್ದರೆ ಎರಡು ಬಿಂದು ಬಿಟ್ಟು ಮುಂದಿನ ಕಲ್ಲು, ಎರಡು ಕಲ್ಲು ಎತ್ತರದ ಗೋಡೆಯಿದ್ದರೆ ಮೂರು ಬಿಂದು ಬಿಟ್ಟು. ಗೋಡೆ ಎತ್ತರವಾದಷ್ಟೂ ದೂರ ಹೋಗಬಹುದು. ನೀವು ಗೋಡೆಗೆ ತೀರ ಹತ್ತಿರ ಇಡುತ್ತಿರಬಹುದು, ನೋಡಿಕೊಳ್ಳಿ. ಗೋಡೆಯಲ್ಲಿ ಕಡಿಯುವ ಜಾಗ ಉಳಿದಿದೆಯಾ ಎಂದು ಕೂಡ ನೋಡಿ. ಕಡಿದು ಎರಡು ತುಂಡಾಗುವ ಗೋಡೆಯನ್ನು ನೆಚ್ಚಿ ಯಾರನ್ನೂ ಅಟ್ಟಲಾಗದು.

ಮೂಲೆಗಳ ಬಗ್ಗೆ ಹೇಳಿದಿರಲ್ಲ, 'ನಾಲ್ಕು ಮೂಲೆ ಹೋದರೆ ಆಟ ಬಿಡು' ಎಂಬ ಗಾದೆಯೂ ಇದೆ, 'ನಾಲ್ಕು ಮೂಲೆ ಸಿಕ್ಕಿದರೆ ಆಟ ಬಿಡು' ಎಂಬುದೂ ಇದೆ. ಎರಡನ್ನೂ ಅನುಭವ ಇದ್ದವರೇ ಹೇಳಿದ್ದು. ನಾಲ್ಕೂ ಕೊಟ್ಟವನಿಗೆ ಉಳಿದ ಹಲಗೆಯಲ್ಲಿ ಏನು ಸಿಕ್ಕಿತು ಎಂಬುದರ ಮೇಲೆ ಉತ್ತರ ನಿಂತಿದೆ. ಮುಂದಿನ ಸಲ ಎರಡು ಮೂಲೆ ಕೊಟ್ಟ ಮೇಲೆ ಸ್ವಲ್ಪ ನಿಲ್ಲಿ, ಎರಡೂ ಕಡೆಯ ಜಾಗ ಎಣಿಸಿ, ಮೂರನೆಯದನ್ನು ಕೊಡುವುದೋ ಬೇಡವೋ ಆಗ ತೀರ್ಮಾನಿಸಿ.

ಕಾಸರಗೋಡಿನಿಂದ ಡಿಗ್ರಿ ವಿದ್ಯಾರ್ಥಿನಿ: ಟೀಚರ್, ಕಂಪ್ಯೂಟರ್ ಬಂದ ಮೇಲೆ ಹಳೆಯ ಗಾದೆಗಳೆಲ್ಲ ಸುಳ್ಳಾದವು ಅಂತ ನನ್ನ ಫ್ರೆಂಡ್ ಹೇಳ್ತಾನೆ. ಆ್ಯಪ್ ತೋರಿಸಿದ ಜಾಗದಲ್ಲಿ ಇಟ್ಟರೆ ಸಾಕಂತೆ. ಹೌದಾ?

ಅರ್ಧ ಹೌದು, ಆ ಅರ್ಧವನ್ನು ಮೊದಲು ಹೇಳುತ್ತೇನೆ. 2016ರ ಮಾರ್ಚ್‌ನಲ್ಲಿ ಸಿಯೋಲ್‌ನಲ್ಲಿ ಗೂಗಲ್‌ನ ಡೀಪ್‌ಮೈಂಡ್ ತಯಾರಿಸಿದ ಆಲ್ಫಾಗೋ ಎಂಬ ಕಂಪ್ಯೂಟರ್ ಪ್ರೋಗ್ರಾಂ ಕೊರಿಯಾದ ದೊಡ್ಡ ಆಟಗಾರ ಲೀ ಸೆಡೊಲ್ ಅವರನ್ನು 4–1ರಿಂದ ಸೋಲಿಸಿತು. ಎರಡನೇ ಆಟದ 37ನೇ ನಡೆ ಈಗ ಎಲ್ಲರ ಬಾಯಲ್ಲಿದೆ. ನಾಲ್ಕನೇ ಗೆರೆಯಲ್ಲಿದ್ದ ಬಿಳಿ ಕಲ್ಲಿನ ಹೆಗಲಿಗೆ, ಅಂದರೆ ಓರೆಯಾಗಿ ಮೇಲಿನ ಬಿಂದುವಿಗೆ, ಯಂತ್ರ ಐದನೇ ಗೆರೆಯಲ್ಲಿ ಕಲ್ಲಿಟ್ಟಿತು. ಹಾಗೆ ಒತ್ತಿದರೆ ಎದುರಾಳಿಗೆ ನಾಲ್ಕನೇ ಗೆರೆಯ ಉದ್ದಕ್ಕೂ ಜಾಗ ಬಿಟ್ಟುಕೊಟ್ಟಂತೆ ಎಂದು ಎಲ್ಲರೂ ಕಲಿತಿದ್ದರು. ಆ ಆಟವನ್ನು ಯಂತ್ರವೇ ಗೆದ್ದಿತು. ನಾಲ್ಕನೇ ಆಟದಲ್ಲಿ ಲೀ ಸೆಡೊಲ್ 78ನೇ ನಡೆಯಿಂದ ತಿರುಗಿ ಬಿದ್ದು ಗೆದ್ದರು ಎಂಬುದನ್ನೂ ಮರೆಯಬೇಡ.

ಇನ್ನೊಂದು ಉದಾಹರಣೆ, ಮೂಲೆಯಿಂದ ಎರಡೂ ದಿಕ್ಕಿಗೆ ಮೂರನೇ ಗೆರೆ ಸೇರುವ ಬಿಂದು. ಎದುರಾಳಿಯ ಕಲ್ಲು ನಾಲ್ಕು-ನಾಲ್ಕರಲ್ಲಿ ಇದ್ದಾಗ ಆಟದ ಶುರುವಿನಲ್ಲೇ ಮೂರು-ಮೂರಕ್ಕೆ ನುಗ್ಗಬೇಡ, ಮೂಲೆ ಸಿಕ್ಕಿದರೂ ಹೊರಗೆ ಅವನಿಗೆ ಗೋಡೆ ಕಟ್ಟಿಕೊಟ್ಟಂತಾಗುತ್ತದೆ ಎಂದು ಕಲಿಸುತ್ತಿದ್ದರು. ಯಂತ್ರಗಳು ಆ ನಡೆಯನ್ನು ಆಡಿ ತೋರಿಸಿದವು. 2017ರ ನಂತರ ವೃತ್ತಿಪರ ಆಟಗಾರರೂ ಆಡತೊಡಗಿದರು.

ಆದರೆ ಗಾದೆ ಮುರಿಯಲು ಕಂಪ್ಯೂಟರೇ ಬರಬೇಕಾಗಿರಲಿಲ್ಲ. ಗೋ ಕಲಿಸುತ್ತಿದ್ದ ಜಪಾನಿನ ಹೊನಿನ್ಬೊ ಮನೆತನದಲ್ಲಿ ಮೊದಲ ಕಲ್ಲನ್ನು ಮೂರು-ಮೂರರಲ್ಲಿ ಇಡುವುದು ನಿಷಿದ್ಧವಾಗಿತ್ತು. 1933ರಲ್ಲಿ ಗೋ ಸೇಗೆನ್ ಎಂಬ 19 ವರ್ಷದ ಹುಡುಗ ಅದೇ ಮನೆತನದ ಹೊನಿನ್ಬೊ ಶೂಸಾಯ್ ಎದುರು ಕೂತು ಮೊದಲ ಕಲ್ಲನ್ನು ಅಲ್ಲಿಯೇ ಇಟ್ಟರು. ಎರಡನೆಯದು ಎದುರು ಮೂಲೆಯ ನಾಲ್ಕು-ನಾಲ್ಕರಲ್ಲಿ, ಮೂರನೆಯದು ಹಲಗೆಯ ನಟ್ಟನಡುವೆ. ಮರುವರ್ಷ ಆಟ ಮುಗಿದಾಗ ಶೂಸಾಯ್ ಎರಡೇ ಅಂಕದಿಂದ ಗೆದ್ದರು. ಸೇಗೆನ್ ಮತ್ತು ಗೆಳೆಯ ಕಿತಾನಿ ಮಿನೊರು ಆ ಕಾಲದಲ್ಲಿ ಆಡಿ ತೋರಿಸಿದ ಹೊಸ ಆರಂಭಗಳು ಆಟದ ಮುಖವನ್ನೇ ಬದಲಿಸಿದವು.

ಈಗ ನಿನ್ನ ಫ್ರೆಂಡಿಗೆ ಹೇಳಬೇಕಾದದ್ದು. ಗಾದೆಗಳಲ್ಲಿ ಎರಡು ಜಾತಿ. ಕೆಲವು ಆಟದ ನಿಯಮದಿಂದಲೇ ಹುಟ್ಟಿದವು. ಮೂರು ಬಿಂದುವಿನ ಸಾಲಿನಲ್ಲಿ ನಡುಬಿಂದುವೇ ಜೀವ, ಖಾಲಿ ತ್ರಿಕೋನಕ್ಕೆ ಉಸಿರು ಕಡಿಮೆ, ಏಣಿಯಂತೆ ಅಟಾರಿ ಹಾಕುತ್ತಾ ಓಡಿಸುವಾಗ ದಾರಿಯಲ್ಲಿ ಓಡುವವನ ಕಲ್ಲಿದ್ದರೆ ಅವನು ತಪ್ಪಿಸಿಕೊಳ್ಳುತ್ತಾನೆ. ಇವುಗಳನ್ನು ಯಾವ ಕಂಪ್ಯೂಟರ್ ಬಂದರೂ ಬದಲಿಸಲು ಆಗುವುದಿಲ್ಲ, ಯಾಕೆಂದರೆ ಉಸಿರಿನ ಲೆಕ್ಕ ಬದಲಾಗುವುದಿಲ್ಲ. ಇನ್ನು ಕೆಲವು ಆಯಾ ಕಾಲದ ದೊಡ್ಡ ಆಟಗಾರರ ಅಂದಾಜು. ಆರಂಭದಲ್ಲಿ ಎಲ್ಲಿಡಬೇಕು, ಯಾವ ಗೋಡೆಗೆ ಎಷ್ಟು ಬೆಲೆ, ಯಾವಾಗ ನುಗ್ಗಬೇಕು ಎಂಬುವೆಲ್ಲ ಈ ಜಾತಿಯವು. ಇವು ಹಿಂದೆಯೂ ಬದಲಾದವು, ಮುಂದೆಯೂ ಬದಲಾಗುತ್ತವೆ. ನಿನ್ನ ನೋಟ್‌ಬುಕ್ಕಿನಲ್ಲಿ ಈ ಎರಡನ್ನೂ ಬೇರೆ ಬೇರೆ ಪುಟದಲ್ಲಿ ಬರೆ.

ಆ್ಯಪ್ ತೋರಿಸಿದ ಕಡೆ ಇಡುವುದು ಕೆಟ್ಟದ್ದೇನಲ್ಲ. ಆದರೆ ಅದು ಯಾಕೆ ಎಂದು ಹೇಳುವುದಿಲ್ಲ. ಎದುರಾಳಿ ಬೇರೆ ಕಡೆ ಇಟ್ಟ ಕೂಡಲೇ ಕೈ ಕಟ್ಟಿದಂತಾಗುತ್ತದೆ. ಆಟ ಮುಗಿದ ಮೇಲೆ ಆ್ಯಪ್ ತೆರೆ. ಅದಕ್ಕೂ ಮೊದಲು ನಿನಗೆ ಅನುಮಾನ ಬಂದ ನಡೆಗಳನ್ನು ನೀನೇ ಗುರುತು ಮಾಡಿಕೊಂಡಿರು.

ಮಂಜೇಶ್ವರದಿಂದ ಚೆಸ್ ಆಟಗಾರ: ಚೆಸ್ಸಿನಲ್ಲಿ ಒಂದು ಕಾಯಿ ಸುಮ್ಮನೆ ಹೋದರೆ ಆಟವೇ ಹೋಗಬಹುದು. ಹಾಗಾಗಿ ಗೋದಲ್ಲಿ ಕಲ್ಲು ಬಿಡಲು ಮನಸ್ಸು ಬರುವುದಿಲ್ಲ. ನನಗೆ ಯಾವ ಗಾದೆ ಬೇಕು?

ಚೀನಾದಲ್ಲಿ ಹತ್ತು ಸೂತ್ರಗಳಿವೆ. ಟಾಂಗ್ ಅರಸರ ಕಾಲದ ವಾಂಗ್ ಜಿಶಿನ್ ಅವರ ಹೆಸರಿನಲ್ಲಿ ಬಂದಿವೆ. ಅವುಗಳಲ್ಲಿ ಒಂದು, 'ಕಲ್ಲು ಬಿಟ್ಟು ಮುನ್ನಡೆ ಹಿಡಿ'. ನಿಮಗೆ ಬೇಕಾದದ್ದು ಇದು. ಇದನ್ನು ಕೈಗೆ ಹತ್ತಿಸಲು ಇನ್ನೊಂದು ಗಾದೆ ಹೇಳುತ್ತೇನೆ: ಮೂರನೇ ಗೆರೆಯ ಒಂಟಿ ಕಲ್ಲನ್ನು ಬಿಡುವುದಾದರೆ ಇನ್ನೊಂದು ಸೇರಿಸಿ ಎರಡನ್ನೂ ಬಿಡು. ಕೇಳಲು ವಿಚಿತ್ರ. ಆದರೆ ಎರಡು ಕಲ್ಲು ಹಿಡಿಯಲು ಎದುರಾಳಿ ಹೆಚ್ಚು ನಡೆ ಖರ್ಚು ಮಾಡಬೇಕು. ಅಷ್ಟರಲ್ಲಿ ನೀವು ಹೊರಗಿನಿಂದ ಒತ್ತಿ ಒತ್ತಿ ಗೋಡೆ ಕಟ್ಟಿಕೊಳ್ಳುತ್ತೀರಿ, ಪ್ರತಿ ಸಲವೂ ಅವನು ಉತ್ತರ ಕೊಡಲೇಬೇಕು. ಗೋದಲ್ಲಿ ಕಲ್ಲುಗಳಿಗೆ ಮಂತ್ರಿ, ಆನೆ ಎಂಬ ಭೇದ ಇಲ್ಲ. ಎಲ್ಲವೂ ಒಂದೇ ತೂಕ, ಕೂತ ಜಾಗದಿಂದ ಬೆಲೆ. ಎದುರಾಳಿಯ ಎರಡು ಗುಂಪನ್ನು ಬೇರೆ ಮಾಡಿ ನಿಂತ ಕಲ್ಲನ್ನು ಮಾತ್ರ ಬಿಡಬೇಡಿ, ಅದು ಒಂದೇ ಆದರೂ ಸರಿ.

ಬದಿಯಡ್ಕದಿಂದ: ಹಲಗೆ ಎಲ್ಲಿ ಸಿಗುತ್ತದೆ? ಆನ್‌ಲೈನಿನಲ್ಲಿ ನೋಡಿದರೆ ಕ್ರಯ ಜಾಸ್ತಿ.

ಕೊಳ್ಳಬೇಡಿ, ಮಾಡಿ. ಪ್ಲೈವುಡ್ ತುಂಡಿನ ಮೇಲೆ ಎರಡು ಸೆಂಟಿಮೀಟರ್ ಅಂತರದಲ್ಲಿ ಒಂಬತ್ತು ಅಡ್ಡ, ಒಂಬತ್ತು ಉದ್ದ ಗೆರೆ ಎಳೆಯಿರಿ. ಒಟ್ಟು 81 ಬಿಂದು. ಆಟಿ ತಿಂಗಳಲ್ಲಿ ಚೆನ್ನೆಮಣೆ ಆಟಕ್ಕೆ ತೆಗೆಯುವ ಮಂಜೊಟ್ಟಿ ಬೀಜ ಮನೆಯಲ್ಲಿದ್ದರೆ ಅದೇ ಕಪ್ಪು ಕಲ್ಲಿನ ಬದಲು. ಎರಡೂ ಕಡೆ ಸ್ವಲ್ಪ ಉಬ್ಬಿ ಅಂಚು ತೆಳ್ಳಗಿರುವುದರಿಂದ ಗೆರೆಯ ಮೇಲೆ ಚೆನ್ನಾಗಿ ಕೂರುತ್ತದೆ. ಇನ್ನೊಬ್ಬರಿಗೆ ಬಿಳಿ ಶರ್ಟಿನ ಗುಂಡಿ. ನಮ್ಮ ಜಗಲಿಯಲ್ಲಿ ಮಕ್ಕಳು ಇದರಲ್ಲೇ ಆಡುತ್ತಾರೆ.

ಕುಂಬಳೆಯಿಂದ: 'ಎರಡನೇ ಗೆರೆಯಲ್ಲಿ ಆರು ಸಾಯುತ್ತದೆ, ಎಂಟು ಬದುಕುತ್ತದೆ' ಎಂಬ ಗಾದೆ ಓದಿದೆ. ಏಳಿದ್ದರೆ ಏನಾಗುತ್ತದೆ?

ನೀವು ಸರಿಯಾದ ಕಡೆ ಬೆರಳಿಟ್ಟಿರಿ. ಅಂಚಿನಿಂದ ಎರಡನೇ ಗೆರೆಯಲ್ಲಿ ಕಪ್ಪು ಕಲ್ಲುಗಳು ಸಾಲಾಗಿ ನಿಂತಿವೆ, ಮೇಲೆ ಮತ್ತು ಎರಡು ತುದಿಯಲ್ಲಿ ಬಿಳಿ ಮುಚ್ಚಿದೆ. ಕಣ್ಣು ಮಾಡಲು ಉಳಿದದ್ದು ಕೆಳಗಿನ ಮೊದಲ ಗೆರೆ ಮಾತ್ರ. ಬಿಳಿ ಒಂದು ತುದಿಯಲ್ಲಿ ಕೆಳಗೆ ನುಗ್ಗುತ್ತದೆ, ಕಪ್ಪು ತಡೆಯುತ್ತದೆ. ಇನ್ನೊಂದು ತುದಿಯಲ್ಲೂ ಹಾಗೆಯೇ. ಪ್ರತಿ ತುದಿಯಲ್ಲಿ ಎರಡೆರಡು ಬಿಂದು ಹೋಯಿತು. ಆರರಲ್ಲಿ ನಾಲ್ಕು ಹೋದರೆ ಒಳಗೆ ಉಳಿದದ್ದು ಎರಡು, ಅದರಲ್ಲಿ ಎರಡು ಕಣ್ಣಾಗದು. ಎಂಟರಲ್ಲಿ ನಾಲ್ಕು ಉಳಿಯುತ್ತದೆ. ಸಾಲಾಗಿ ನಾಲ್ಕಿದ್ದರೆ ಬಿಳಿ ಒಳಗಿನ ಒಂದು ಬಿಂದುವಿನಲ್ಲಿಟ್ಟರೂ ಕಪ್ಪು ಇನ್ನೊಂದರಲ್ಲಿಟ್ಟು ಬದುಕುತ್ತದೆ.

ಏಳರಲ್ಲಿ ಉಳಿಯುವುದು ಮೂರು. ಮೂರು ಎಂದರೆ ನಡುಬಿಂದುವಿನ ಪ್ರಶ್ನೆ, ಈಗ ಬಿಳಿಯ ಸರದಿ, ಗುಂಪು ಸತ್ತಿತು. ಕಪ್ಪೇ ಮೊದಲು ಒಂದು ತುದಿಯನ್ನು ಭದ್ರ ಮಾಡಿಕೊಂಡರೆ ನಾಲ್ಕು ಉಳಿದು ಬದುಕುತ್ತದೆ. ಹಾಗಾಗಿ ಏಳಿದ್ದಾಗ ಯಾರ ಸರದಿ ಎಂದು ನೋಡಬೇಕು.

ಮೂಲೆಯಲ್ಲಿ ಈ ಲೆಕ್ಕ ಬೇರೆ. ಅಲ್ಲಿ ನಾಲ್ಕು ಸಾಯುತ್ತದೆ, ಆರು ಬದುಕುತ್ತದೆ. ಬಿಳಿ ಎಷ್ಟು ತುದಿಯಿಂದ ನುಗ್ಗಬಹುದು ಎಂದು ಯೋಚಿಸಿ, ಕಲ್ಲಿಟ್ಟು ನೋಡಿ, ಮೂಲೆಯಲ್ಲಿ ಐದಿದ್ದರೆ ಏನಾಗುತ್ತದೆ ಎಂದು ನೀವೇ ಬರೆದು ಕಳುಹಿಸಿ. ಮುಂದಿನ ಸಂಚಿಕೆಯಲ್ಲಿ ನಿಮ್ಮ ಉತ್ತರ ಹಾಕುತ್ತೇನೆ.